ಸೊನ್ನೆಗೂ ಸಾವಿಗೂ ನಡುವೆ

ಹೋದ ತಿಂಗಳ ಒಂದು ಭಾನುವಾರ ನಮ್ಮಕ್ಕನ ಮನೆಯ ಊಟದ ಮೇಜಿನ ಮೇಲೆ ಒಬ್ಬ ಮಾಂತ್ರಿಕ ಸತ್ತ. ಮಧ್ಯಾಹ್ನ ಮೂರೂವರೆ ಇರಬಹುದು. ಅಕ್ಕ ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಮೇಜಿನ ಸುತ್ತ ಅವಳ ಮಗ ಮತ್ತು ಅವನ ನಾಲ್ವರು ಸ್ನೇಹಿತರು, ಎಲ್ಲ ಇಂಜಿನಿಯರಿಂಗ್ ಓದುವವರು, ಪೆನ್ಸಿಲು, ರಬ್ಬರು, ಹಾಳೆ, ಬಣ್ಣಬಣ್ಣದ ದಾಳ ಹರಡಿಕೊಂಡು ಕೂತಿದ್ದರು. ಅವರ ಲೆಕ್ಕದಲ್ಲಿ ಅವರು ಅಕ್ಕನ ಮನೆಯಲ್ಲಿರಲಿಲ್ಲ, ಪಾಳುಬಿದ್ದ ಒಂದು ಗಣಿಯ ತಳದಲ್ಲಿದ್ದರು. ಅಕ್ಕನ ಮಗನ ಮಾಂತ್ರಿಕನಿಗೆ ದೈತ್ಯನೊಬ್ಬನ ಗದೆಯೇಟು ಬಿದ್ದು ಹಿಟ್ ಪಾಯಿಂಟು ಸೊನ್ನೆಗೆ ಇಳಿದಿತ್ತು. ಸತ್ತಿರಲಿಲ್ಲ, ಸಾಯುತ್ತಿದ್ದ.

ಅವನ ಸರದಿ ಬಂತು. ಇಪ್ಪತ್ತು ಮುಖದ ದಾಳ ಉರುಳಿಸಿದ. 14. ಎಲ್ಲರೂ ಉಸಿರು ಬಿಟ್ಟರು. ಒಂದು ಸುತ್ತು ಮುಗಿದು ಮತ್ತೆ ಅವನ ಸರದಿ. 8. ಪಕ್ಕದ ಹುಡುಗಿ ತನ್ನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಮೂರನೆಯ ಸಲ ದಾಳ ಉಪ್ಪಿನಕಾಯಿ ಜಾಡಿಗೆ ತಗುಲಿ, ಒಂದು ಗಿರಕಿ ಹೊಡೆದು ನಿಂತಿತು. 1. ಐವರೂ ಗರ ಬಡಿದವರಂತೆ ಕೂತರು.

"ಏನಾಯ್ತೋ?" ಅಂದೆ.

"ಸತ್ತೆ, ಮಾಮ."

ಹತ್ತೊಂಬತ್ತು ವರ್ಷದ ಹುಡುಗ ಹಾಗೆ ಅಂದಾಗ ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. "ಕೂತ್ಕೊಂಡು ಎಂಥ ಮಾತಾಡ್ತೀಯೋ, ಬಿಡ್ತು ಅನ್ನು" ಎಂದು ಅಕ್ಕ ಅಲ್ಲಿಂದಲೇ ಗದರಿದಳು. ಅವನು ಬಿಡ್ತು ಅನ್ನಲಿಲ್ಲ. ಹಾಳೆ ನೋಡುತ್ತಾ ಕೂತಿದ್ದ. ಹದಿನಾಲ್ಕು ತಿಂಗಳು ಆಡಿದ ಪಾತ್ರ ಅದು. ಉಜ್ಜಿ ಉಜ್ಜಿ ಹಾಳೆಯ ನಡುವೆ ರಬ್ಬರಿನ ತೂತು ಬಿದ್ದಿತ್ತು, ಹಿಟ್ ಪಾಯಿಂಟು ಬರೆಯುವ ಜಾಗದಲ್ಲಿ.

ಆಟ ಯಾವುದೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್, ಹುಡುಗರ ಬಾಯಲ್ಲಿ ಡಿ ಅಂಡ್ ಡಿ. ಒಬ್ಬ ಡಂಜನ್ ಮಾಸ್ಟರ್ ಆಗಿ ಕೂರುತ್ತಾನೆ. ಅವನನ್ನು ಡಿಎಂ ಅನ್ನುತ್ತಾರೆ. ಊರು, ಕಾಡು, ರಾಕ್ಷಸರು, ಹೋಟೆಲಿನ ಮಾಲೀಕ, ಮಳೆ ಎಲ್ಲ ಅವನ ಜವಾಬ್ದಾರಿ. ಮಿಕ್ಕವರು ತಲೆಗೊಂದು ಪಾತ್ರ ಹಿಡಿದು, ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ವಾರಕ್ಕೊಂದು ದಿನದಂತೆ ವರ್ಷಗಟ್ಟಲೆ ನಡೆಯಬಹುದು. ತಾಳಮದ್ದಲೆ ಕೇಳಿದವರಿಗೆ ಇದು ಅರ್ಧ ಗೊತ್ತಿದ್ದ ಹಾಗೇ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ, ಮಾತು ಆ ಕ್ಷಣದ್ದು. ಆದರೆ ಕರ್ಣ ಎಷ್ಟು ಸೊಗಸಾಗಿ ವಾದ ಹೂಡಿದರೂ ಕೊನೆಗೆ ಸಾಯುತ್ತಾನೆ, ಪ್ರಸಂಗದಲ್ಲಿ ಹಾಗೇ ಇದೆ. ಇಲ್ಲಿ ಪ್ರಸಂಗ ಬರೆದಿಟ್ಟವರಿಲ್ಲ. ಯಾರು ಸಾಯುತ್ತಾರೆ, ಯಾವಾಗ, ಸತ್ತ ಮೇಲೆ ಏನು ಎಂಬುದಕ್ಕೆಲ್ಲ ಕಾನೂನು ಬೇಕು.

ಆಟದಲ್ಲಿ ಸಾಯುವುದು ನಮಗೇನು ಹೊಸದಲ್ಲ. ಚೌಕಾಬಾರದಲ್ಲಿ ಕಾಯಿ ಕಡಿದರೆ ಮತ್ತೆ ಮೊದಲ ಮನೆಯಿಂದ ಹೊರಡುತ್ತದೆ. ಕಬಡ್ಡಿಯಲ್ಲಿ ಔಟಾದವನು ಗೆರೆಯಾಚೆ ಕೂತು, ತನ್ನ ಕಡೆಯವರು ಎದುರಾಳಿಯನ್ನು ಹಿಡಿದ ಕೂಡಲೇ ಎದ್ದು ಬರುತ್ತಾನೆ. ಕಡಿಸಿಕೊಂಡ ಕಾಯಿಗಾಗಿ ಯಾರೂ ಅತ್ತಿಲ್ಲ, ಯಾಕೆಂದರೆ ಕಾಯಿಗೆ ಹೆಸರಿಲ್ಲ. ಹೆಸರು ಇಟ್ಟಲ್ಲಿಂದ ತಾಪತ್ರಯ ಶುರು.

ಅದು ಶುರುವಾದದ್ದು ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಲ್ಲಿ, 1971ರ ಸುಮಾರಿಗೆ. ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ ಅದೇ ವರ್ಷ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದಾಟದ ನಿಯಮ ಪುಸ್ತಕ ತಂದಿದ್ದರು. ಅದರ ದೊಡ್ಡ ಕಾಳಗಗಳಲ್ಲಿ ಮೇಜಿನ ಮೇಲಿನ ಒಂದು ಗೊಂಬೆ ಅಂದರೆ 20 ಸೈನಿಕರು. ಗೊಂಬೆ ಬಿದ್ದರೆ ತೆಗೆದು ಡಬ್ಬಿಗೆ ಹಾಕುವುದು, ಅಷ್ಟೇ. ಡೇವ್ ಆರ್ನೆಸನ್ ಎಂಬ ಯುವಕ ತನ್ನ 'ಬ್ಲ್ಯಾಕ್‌ಮೂರ್' ಆಟಕ್ಕೆ ಮೊದಮೊದಲು ಆ ಪುಸ್ತಕದ ಕೋಷ್ಟಕಗಳನ್ನೇ ಬಳಸಿದ. ಆದರೆ ಬ್ಲ್ಯಾಕ್‌ಮೂರ್‌ನಲ್ಲಿ ಒಬ್ಬ ಆಟಗಾರನಿಗೆ ಒಬ್ಬನೇ ವೀರ. ಒಂದೇ ಏಟಿಗೆ ವೀರ ಸತ್ತರೆ ಆ ಸಂಜೆ ಅವನಿಗೆ ಕೆಲಸವಿಲ್ಲ. ಗೆಳೆಯರು ಗೊಣಗಿದರು. ಆರ್ನೆಸನ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಅಮೆರಿಕದ ಅಂತರ್ಯುದ್ಧದ ಕಬ್ಬಿಣ ಹೊದಿಸಿದ ಹಡಗುಗಳ ಆಟಕ್ಕೆಂದು ಅವನು ಬರೆದಿಟ್ಟಿದ್ದ ನಿಯಮವೊಂದನ್ನು ಇಲ್ಲಿಗೆ ತಂದ. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಇಂತಿಷ್ಟು ಏಟು ತಡೆಯುತ್ತದೆ. ಮನುಷ್ಯನೂ ಹಾಗೇ ತಡೆಯಲಿ ಎಂದ. ಇವತ್ತು ಫೋನಿನ ಆಟಗಳಲ್ಲಿ ತಲೆಯ ಮೇಲೆ ತೇಲುವ ಆ ಹಸಿರು ಪಟ್ಟಿಯ ಮೂಲಪುರುಷ ಒಂದು ಹಡಗು.

ಏಟು ತಡೆಯುವ ಆ ಅಂಕಿಯೇ ಹಿಟ್ ಪಾಯಿಂಟು. ಅದರ ಗುಟ್ಟು ಇಷ್ಟೇ: ಅದು ಮೈಯ ಗಾಯದ ಲೆಕ್ಕವಲ್ಲ. 40 ಪಾಯಿಂಟಿನವನು 39 ಕಳೆದುಕೊಂಡರೂ ಅವನ ಕತ್ತಿ ಮೊದಲಿನಷ್ಟೇ ಚುರುಕು. ಅದು ಆಟಗಾರನಿಗೆ ಕೊಟ್ಟ ಗಡುವು. ಇಳಿಯುತ್ತಿರುವ ಅಂಕಿ ನೋಡಿ ಓಡಬೇಕೋ ನಿಲ್ಲಬೇಕೋ ಯೋಚಿಸಲು ಸಿಗುವ ಸಮಯ. ಆಮೇಲಿನ ಐವತ್ತು ವರ್ಷ ಈ ಆಟಗಳ ಪುಸ್ತಕಗಳಲ್ಲಿ ನಡೆದದ್ದೆಲ್ಲ ಆ ಗಡುವಿನ ಮೇಲಿನ ಚೌಕಾಸಿಯೇ. ಅಂಕಿ ಸೊನ್ನೆ ಮುಟ್ಟಿದ ಮೇಲೆ ಸಾವಿಗೆ ಇನ್ನೆಷ್ಟು ಹೊತ್ತು? ಆ ಹೊತ್ತಿನಲ್ಲಿ ಬಿದ್ದವನು ಏನಾದರೂ ಮಾಡಬಹುದೋ, ಬರೀ ಸೂರು ನೋಡಬೇಕೋ?

1974ರ ಜನವರಿಯಲ್ಲಿ ಗೈಗಾಕ್ಸ್ ಮತ್ತು ಆರ್ನೆಸನ್ ಹೆಸರಿನಲ್ಲಿ ಡಿ ಅಂಡ್ ಡಿಯ ಮೊದಲ ಪೆಟ್ಟಿಗೆ ಬಂತು. ಒಳಗೆ ಮೂರು ಕಿರುಪುಸ್ತಕ, ಅಚ್ಚಾದದ್ದು 1000 ಪ್ರತಿ. ಅದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಸೊನ್ನೆ ಅಂದರೆ ಸಾವು. ಹೊಸ ಮಾಂತ್ರಿಕ ಆರು ಮುಖದ ಒಂದು ದಾಳ ಹಾಕಿ, ಬಿದ್ದಷ್ಟನ್ನು ತನ್ನ ಆಯುಸ್ಸೆಂದು ಬರೆದುಕೊಳ್ಳಬೇಕು. ಎದುರಾಳಿಯ ಕತ್ತಿಯ ಏಟಿಗೂ ಆರು ಮುಖದ ಒಂದೇ ದಾಳ. ಲೆಕ್ಕ ಹಾಕಿ ನೋಡಿದೆ: ಗುರಿ ತಪ್ಪದೆ ಬಿದ್ದ ಮೊದಲ ಏಟಿಗೇ ಮಾಂತ್ರಿಕ ಸಾಯುವ ಸಂಭವ ನೂರಕ್ಕೆ 58. ಅಂಥವನಿಗೆ ಅಪ್ಪ ಅಮ್ಮ, ಹುಟ್ಟೂರು, ಬಾಲ್ಯದ ದುಃಖ ಎಲ್ಲ ಬರೆಯುತ್ತ ಕೂರುವವರು ಯಾರು? ಹೆಸರಿಟ್ಟರೆ ಸಾಕಿತ್ತು.

ಆ ಕಾಲದ ಗಟ್ಟಿತನಕ್ಕೆ ಸಾಕ್ಷಿ ಬೇಕೆಂದರೆ 'ಟೂಮ್ ಆಫ್ ಹಾರರ್ಸ್' ನೋಡಬೇಕು. ಗೈಗಾಕ್ಸ್ ಬರೆದದ್ದು, 1975ರಲ್ಲಿ ಬಾಲ್ಟಿಮೋರಿನ ಮೊದಲ ಒರಿಜಿನ್ಸ್ ಸಮ್ಮೇಳನದಲ್ಲಿ ಸ್ಪರ್ಧೆಯಾಗಿ ಆಡಿಸಿದ್ದು, 1978ರಲ್ಲಿ ಪುಸ್ತಕವಾದದ್ದು. ತಮ್ಮ ಪಾತ್ರಗಳಿಗೆ ಸಾವೇ ಇಲ್ಲ ಎಂದು ಬೀಗುತ್ತಿದ್ದ ನುರಿತ ಆಟಗಾರರಿಗೆಂದೇ ಹೆಣೆದ ಸಮಾಧಿ ಅದು. ಒಳಗೆ ಹೋಗುತ್ತಿದ್ದಂತೆ ಮೊಗಸಾಲೆಯ ಕೊನೆಯ ಗೋಡೆಯಲ್ಲಿ ಹಸಿರು ಬಣ್ಣದ ದೊಡ್ಡ ರಾಕ್ಷಸ ಮುಖ. ಬಾಯಿ ಅಗಲಕ್ಕೆ ತೆರೆದಿದೆ, ಒಳಗೆ ಕಗ್ಗತ್ತಲೆ, ಒಬ್ಬ ಮನುಷ್ಯ ತೂರುವಷ್ಟು ಜಾಗ. ತೂರಿದವನು ಮುಗಿದ. ಅಲ್ಲಿರುವುದು ಮುಟ್ಟಿದ್ದನ್ನೆಲ್ಲ ಇಲ್ಲವಾಗಿಸುವ ಒಂದು ಗೋಳ. ಹಿಟ್ ಪಾಯಿಂಟು ಕೇಳುವುದಿಲ್ಲ, ದಾಳ ಕೇಳುವುದಿಲ್ಲ, ಬದುಕಿಸಲು ಮೈಯೂ ಉಳಿಯುವುದಿಲ್ಲ. ಗೈಗಾಕ್ಸ್‌ನ ಜೊತೆಗಾರ ರಾಬರ್ಟ್ ಕುಂಟ್ಸ್ ಆಡಿದ ರೋಬಿಲಾರ್ ಎಂಬ ಪಾತ್ರ ಆ ಸಮಾಧಿ ದಾಟಿ ಬಂದಿತು. ಹೇಗೆಂದರೆ ತನ್ನ ಆಳುಗಳಾದ ಆರ್ಕ್ ಎಂಬ ರಾಕ್ಷಸರನ್ನು ಸಾಲಾಗಿ ಮುಂದೆ ಬಿಟ್ಟು. ಯಾವ ಕಲ್ಲಿನ ಮೇಲೆ ಕಾಲಿಟ್ಟಾಗ ಯಾರು ಸತ್ತರೆಂದು ನೋಡಿಕೊಂಡು ಹಿಂದಿನಿಂದ ಇವನು. ವೀರಗಾಥೆಗೆ ಹೊಂದುವ ಸಂಗತಿಯಲ್ಲ, ಕಾನೂನಿಗೆ ಹೊಂದುತ್ತದೆ. ಸಾವು ಅಷ್ಟು ಅಗ್ಗವಾದ ಕಡೆ ಜನ ಶೂರರಾಗುವುದಿಲ್ಲ, ಮೇಸ್ತ್ರಿಗಳಾಗುತ್ತಾರೆ.

ಗೈಗಾಕ್ಸ್‌ಗೂ ಇದು ತಿಳಿದಿತ್ತೆಂದು ಕಾಣುತ್ತದೆ. 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಅವನೇ ಒಂದು ಸಂದು ತೆರೆದ. ಸೊನ್ನೆಗಿಳಿದವನು ಪ್ರಜ್ಞೆ ತಪ್ಪಿ ಬೀಳುತ್ತಾನೆ, ಸುತ್ತಿಗೊಂದರಂತೆ ಪಾಯಿಂಟು ಸೋರುತ್ತದೆ, ಮೈನಸ್ 10 ಆದಾಗ ಸಾವು. ಆಗ ಒಂದು ಸುತ್ತು ಅಂದರೆ ಒಂದು ನಿಮಿಷ. ಹೀಗೆ ಸೊನ್ನೆಗೂ ಸಾವಿಗೂ ನಡುವೆ ಹತ್ತು ನಿಮಿಷ ಹುಟ್ಟಿತು. ಅಷ್ಟರಲ್ಲಿ ಯಾರಾದರೂ ಓಡಿ ಬಂದು ಗಾಯಕ್ಕೆ ಬಟ್ಟೆ ಬಿಗಿದರೆ ಜೀವ ಉಳಿಯುತ್ತದೆ. ಆದರೆ ಎದ್ದ ತಕ್ಷಣ ಕತ್ತಿ ಹಿಡಿಯುವಂತಿಲ್ಲ, ಕನಿಷ್ಠ ಒಂದು ವಾರ ಹಾಸಿಗೆ. ನನಗೆ ಈ ವಾರದ ಹಾಸಿಗೆ ತುಂಬ ಇಷ್ಟ. ಸಾಯದಿದ್ದರೂ ಸತ್ತು ಬದುಕಿದ ಲೆಕ್ಕ ಎಲ್ಲೋ ಜಮೆಯಾಗಬೇಕಲ್ಲ.

ಇನ್ನು ಬದುಕಿಸುವ ವಿಚಾರ. ಈ ಆಟದ ಪುರೋಹಿತ ವರ್ಗಕ್ಕೆ, ಕ್ಲೆರಿಕ್ ಅನ್ನುತ್ತಾರೆ, ಸತ್ತವರನ್ನು ಎಬ್ಬಿಸುವ ಮಂತ್ರ ಮೊದಲಿಂದಲೂ ಇದೆ. ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಹಾಕಿದ ಬೇಲಿಗಳನ್ನು ಓದುವುದೇ ಒಂದು ಮಜಾ. ಕ್ಲೆರಿಕ್ ಎಷ್ಟನೇ ಹಂತದವನೋ ಅಷ್ಟು ದಿನದೊಳಗೆ ಸತ್ತಿದ್ದರೆ ಮಾತ್ರ ಮಂತ್ರ ತಗಲುತ್ತದೆ. ತಗುಲಿದರೂ ಸತ್ತವನ ಮೈಕಟ್ಟಿನ ಅಂಕಿ ನೋಡಿ ದಾಳ ಹಾಕಬೇಕು. 18 ಇದ್ದವನು ಖಂಡಿತ ಏಳುತ್ತಾನೆ, 10 ಇದ್ದವನಿಗೆ ನೂರಕ್ಕೆ 75, ಬರೀ 3 ಇದ್ದವನಿಗೆ 40. ಎದ್ದ ಪ್ರತಿ ಸಲವೂ ಆ ಅಂಕಿಯಲ್ಲಿ ಒಂದು ಶಾಶ್ವತವಾಗಿ ಕಡಿತ. ಹುಟ್ಟಿದಾಗಿನ ಅಂಕಿ ಎಷ್ಟಿತ್ತೋ ಅಷ್ಟು ಸಲ ಮಾತ್ರ ಎಬ್ಬಿಸಬಹುದು, ಆಮೇಲೆ ದೇವರೇ ಗತಿ. ಎಲ್ಫ್‌ಗಳಿಗಂತೂ ಈ ಮಂತ್ರ ನಡೆಯುವುದೇ ಇಲ್ಲ. ಸಾವಿರಾರು ವರ್ಷ ಬದುಕುವ ಕುಲಕ್ಕೆ ಎರಡನೆಯ ಅವಕಾಶ ಬೇರೆ ಯಾಕೆ ಎಂದೋ ಏನೋ.

ಈಗಿನ ಪುಸ್ತಕಗಳಲ್ಲಿ ಬೇಲಿಗಳೆಲ್ಲ ಹೋಗಿ ಬೆಲೆಪಟ್ಟಿ ಬಂದಿದೆ. 2014ರ ಐದನೇ ಆವೃತ್ತಿಯಲ್ಲಿ ಸತ್ತು ಒಂದು ನಿಮಿಷ ಆಗಿಲ್ಲವಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ. ಹತ್ತು ದಿನದೊಳಗಾದರೆ 500ರದ್ದು. ನೂರು ವರ್ಷದೊಳಗಾದರೆ 1000ದ್ದು. ಮೈಯೇ ಸಿಗದೆ, ಇನ್ನೂರು ವರ್ಷ ಆಗಿದ್ದರೂ 25,000 ನಾಣ್ಯದ ವಜ್ರಗಳನ್ನು ಸುಟ್ಟರೆ ಮನುಷ್ಯ ಎದ್ದು ಕೂರುತ್ತಾನೆ. ಆಸ್ಪತ್ರೆಯ ವಾರ್ಡುಗಳ ದರಪಟ್ಟಿ ಓದಿದ ಹಾಗಾಗುತ್ತದೆ. ಒಂದು ರಾಜ್ಯದಲ್ಲಿ ಇಂಥ ಮಂತ್ರ ಇದ್ದರೆ ಅಲ್ಲಿನ ರಾಜರು ಯಾಕೆ ಸಾಯುತ್ತಾರೆ, ಮಕ್ಕಳ ನಡುವೆ ಸಿಂಹಾಸನಕ್ಕೆ ಜಗಳ ಯಾಕೆ ಹುಟ್ಟುತ್ತದೆ ಎಂದು ನಾನು ಅಕ್ಕನ ಮಗನನ್ನು ಕೇಳಿದ್ದೆ. "ಅದನ್ನೆಲ್ಲ ಕೇಳಬಾರದು ಮಾಮ" ಅಂದ.

ಈ ದರಪಟ್ಟಿ ಹಿಡಿಸದೆ ತಮ್ಮದೇ ನಿಯಮ ಕಟ್ಟಿಕೊಂಡವರೂ ಇದ್ದಾರೆ. 'ಕ್ರಿಟಿಕಲ್ ರೋಲ್' ಎಂಬ ವೆಬ್ ಸರಣಿಯಲ್ಲಿ 2015ರಿಂದ ಈ ಆಟವನ್ನು ಲೋಕದ ಮುಂದೆ ಆಡಿಸುತ್ತ ಬಂದ ಮ್ಯಾಥ್ಯೂ ಮರ್ಸರ್ ಅವರ ನಿಯಮದಲ್ಲಿ ವಜ್ರ ಇದ್ದರೆ ಸಾಲದು. ಗೆಳೆಯರಲ್ಲಿ ಮೂವರವರೆಗೆ ಮುಂದೆ ಬಂದು, ಸತ್ತವನನ್ನು ಮರಳಿ ಕರೆಯಲು ಏನಾದರೂ ಅರ್ಪಿಸಬೇಕು: ಒಂದು ಪ್ರಾರ್ಥನೆ, ಒಂದು ವಸ್ತು, ಒಂದು ಮಾತು. ಕೊನೆಗೆ ಒಂದೇ ದಾಳ, ಮೊದಲ ಸಲಕ್ಕೆ ಗುರಿ 10. ಹಿಂದೆ ಎಷ್ಟು ಸಲ ಬದುಕಿ ಬಂದಿದ್ದಾನೋ ಗುರಿ ಅಷ್ಟು ಮೇಲೇರುತ್ತದೆ, ಅರ್ಪಣೆಗಳು ಮನಸ್ಸಿಗೆ ನಾಟಿದರೆ ಸ್ವಲ್ಪ ಕೆಳಗಿಳಿಯುತ್ತದೆ. ಇದರಲ್ಲಿ ನನಗೆ ಮೆಚ್ಚಿಕೆಯಾದದ್ದು, ಸತ್ತವನ ಪಾತ್ರದ ಬಗ್ಗೆ ಉಳಿದವರು ಬಾಯಿಬಿಟ್ಟು ಮಾತಾಡಲೇಬೇಕಾದದ್ದು. ಸಾವಿನ ಮನೆಯಲ್ಲಿ ಜನ ಮಾಡುವುದೂ ಅದನ್ನೇ.

ಮೇಜಿನ ಮೇಲೆ ಹುಡುಗ ಮೂರು ಸಲ ದಾಳ ಉರುಳಿಸಿದ ನಿಯಮಕ್ಕೆ ಬರೋಣ. ಡೆತ್ ಸೇವಿಂಗ್ ಥ್ರೋ ಎಂಬುದು 2008ರ ನಾಲ್ಕನೇ ಆವೃತ್ತಿಯಲ್ಲಿ ಬಂದು, 2014ರಲ್ಲಿ ಈಗಿನ ರೂಪಕ್ಕೆ ನಿಂತಿತು. ಸೊನ್ನೆಗಿಳಿದವನು ತನ್ನ ಪ್ರತಿ ಸರದಿಯಲ್ಲೂ ಇಪ್ಪತ್ತು ಮುಖದ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ರಕ್ತ ನಿಂತಿತು, ಮೂರು ಸೋಲಾದರೆ ಸತ್ತ. 20 ಬಿದ್ದರೆ ಒಂದು ಪಾಯಿಂಟಿನೊಂದಿಗೆ ಎದ್ದು ನಿಲ್ಲಬಹುದು. 1 ಬಿದ್ದರೆ ಎರಡು ಸೋಲು. ನಮ್ಮ ಹುಡುಗನಿಗೆ ಆದದ್ದು ಅದೇ. 8ಕ್ಕೆ ಒಂದು, 1ಕ್ಕೆ ಎರಡು, ಕಥೆ ಮುಗಿಯಿತು.

ಮನೆಗೆ ಬಂದು ಇದರ ಸಂಭವ ಲೆಕ್ಕ ಹಾಕಿದೆ. ಯಾರೂ ನೆರವಿಗೆ ಬರದೆ, ಯಾರೂ ಮತ್ತೆ ಹೊಡೆಯದೆ ಬಿದ್ದವನನ್ನು ಅವನ ಪಾಡಿಗೆ ಬಿಟ್ಟರೆ ನೂರಕ್ಕೆ 59 ಅಥವಾ 60 ಸಲ ಉಳಿಯುತ್ತಾನೆ. ಇದಕ್ಕೆ ಮೊದಲು, 2000ದ ಮೂರನೇ ಆವೃತ್ತಿಯಲ್ಲಿ ನಿಯಮ ಬೇರೆಯಿತ್ತು: ಮೈನಸ್ 1ರಿಂದ ಮೈನಸ್ 10ರವರೆಗೆ ಸೋರುತ್ತಾ ಪ್ರತಿ ಸುತ್ತಿಗೂ ರಕ್ತ ನಿಲ್ಲುವ ಸಂಭವ ನೂರಕ್ಕೆ 10. ಮೈನಸ್ 1ರಲ್ಲಿ ಬಿದ್ದವನಿಗೆ ಒಂಬತ್ತು ಅವಕಾಶ, ಒಟ್ಟು ಸೇರಿಸಿದರೆ ಉಳಿಯುವ ಸಂಭವ ನೂರಕ್ಕೆ 61. ಎರಡು ಬೇರೆ ಬೇರೆ ಯಂತ್ರ, ತೂಕ ಹೆಚ್ಚುಕಡಿಮೆ ಒಂದೇ! ಆದರೆ ಕೂತು ಆಡಿದವರಿಗೆ ಎರಡೂ ಒಂದೇ ಅನ್ನಿಸುವುದಿಲ್ಲ. ಹಳೆಯದರಲ್ಲಿ ಒಂಬತ್ತು ಸಲ ಅದೇ ಸಣ್ಣ ಆಸೆ, ಒಂಬತ್ತು ಸಲ ನಿರಾಸೆ, ನಲ್ಲಿ ತೊಟ್ಟಿಕ್ಕಿದ ಹಾಗೆ. ಹೊಸದರಲ್ಲಿ ಗೆಲುವು ಸೋಲು ಎರಡೂ ಕಣ್ಣೆದುರು ಗುರುತಾಗುತ್ತಾ ಹೋಗುತ್ತವೆ, ಎರಡು ಎರಡು ಆಗಿ ನಿಂತಾಗ ಮೇಜಿನ ಸುತ್ತ ಒಬ್ಬರೂ ಫೋನು ನೋಡುವುದಿಲ್ಲ. ಗಡಿಯಾರದ ಪ್ರಕಾರವಂತೂ ಸಮಯ ಕುಗ್ಗಿದೆ. ಈಗಿನ ಸುತ್ತು ಅಂದರೆ ಆರು ಸೆಕೆಂಡು, ಐದು ಸಲ ಹಾಕುವಷ್ಟರಲ್ಲಿ ಇತ್ಯರ್ಥ. ಅಂದರೆ 1979ರ ಹತ್ತು ನಿಮಿಷ ಈಗ ಅರ್ಧ ನಿಮಿಷ. ಆದರೂ ಅದು ಉದ್ದವಾಗಿ ತೋರುತ್ತದೆ, ಯಾಕೆಂದರೆ ದಾಳ ಬಿದ್ದವನ ಕೈಯಲ್ಲೇ ಇದೆ.

ದೋಷವಿಲ್ಲವೆ? ದೊಡ್ಡದೇ ಇದೆ. 20 ಬಿದ್ದವನು, ಅಥವಾ ಗೆಳೆಯ ದೂರದಿಂದ ಒಂದು ಚಿಕ್ಕ ಮಂತ್ರ ಹೇಳಿ ಎಬ್ಬಿಸಿದವನು, ಎದ್ದು ನೇರವಾಗಿ ಕಾದಾಟಕ್ಕಿಳಿಯಬಹುದು. ಹಾಸಿಗೆಯ ವಾರ ಎಂದೋ ಹೋಯಿತು. ಒಂದೇ ಕಾಳಗದಲ್ಲಿ ಒಬ್ಬ ಮೂರು ಸಲ ಬಿದ್ದು ಮೂರು ಸಲ ಎದ್ದದ್ದನ್ನು ನಾನೇ ನೋಡಿದ್ದೇನೆ. ಆಟಗಾರರು ಇದಕ್ಕೆ ಯೋ-ಯೋ ಅನ್ನುತ್ತಾರೆ. ಬುಗುರಿ ಅಂದರೂ ನಡೆದೀತು. ಗೆಳೆಯ ಪೂರ್ತಿ ಬೀಳುವ ತನಕ ಮದ್ದು ಮಾಡದೆ ಕಾಯುವುದೇ ಲಾಭ ಎಂಬ ವಿಚಿತ್ರ ಲೆಕ್ಕ ಇದರಿಂದ ಹುಟ್ಟಿದೆ. ಒಂದೊಂದು ಸಲ ಬಿದ್ದಾಗಲೂ ದಣಿವಿನ ಒಂದು ಹಂತ ಸೇರಿಸುವ ಮನೆ ನಿಯಮವನ್ನು ಎಷ್ಟೋ ಗುಂಪುಗಳು ಇಟ್ಟುಕೊಂಡಿವೆ. ಒಳ್ಳೆಯ ತಿದ್ದುಪಡಿ.

ಡಿ ಅಂಡ್ ಡಿಯ ಹೊರಗೆ ನೋಡಿದರೆ ಬೇರೆಯೇ ಪ್ರಪಂಚ. 1977ರಲ್ಲಿ ಮಾರ್ಕ್ ಮಿಲ್ಲರ್ ಬರೆದ 'ಟ್ರಾವೆಲರ್' ಎಂಬ ಬಾಹ್ಯಾಕಾಶದ ಆಟದಲ್ಲಿ ಆಟ ಶುರುವಾಗುವ ಮೊದಲೇ ಸಾಯಬಹುದು. ತಮಾಷೆ ಮಾಡುತ್ತಿಲ್ಲ. ಅಲ್ಲಿ ಪಾತ್ರ ಕಟ್ಟುವುದೆಂದರೆ ಅವನ ನೌಕರಿಯ ಕಥೆ ಕಟ್ಟುವುದು. ಹದಿನೆಂಟಕ್ಕೆ ನೌಕಾಪಡೆಗೋ ಸೈನ್ಯಕ್ಕೋ ಸೇರುತ್ತಾನೆ, ನಾಲ್ಕು ನಾಲ್ಕು ವರ್ಷದ ಅವಧಿ, ಅವಧಿಗೊಂದಿಷ್ಟು ವಿದ್ಯೆ, ಬಡ್ತಿ, ನಿವೃತ್ತಿಗೆ ಹಣ. ಪ್ರತಿ ಅವಧಿಗೂ ಮೊದಲು ಎರಡು ದಾಳ ಹಾಕಿ ಬದುಕುಳಿದನೋ ನೋಡಬೇಕು. ಸ್ಕೌಟ್ ಇಲಾಖೆಗೆ ಸೇರಿದವನಿಗೆ 7 ಅಥವಾ ಮೇಲೆ ಬೀಳಬೇಕು. ಮೈ ಗಟ್ಟಿಯಿದ್ದರೆ ರಿಯಾಯಿತಿ ಉಂಟು, ಇಲ್ಲದವನು ಒಂದು ಅವಧಿ ದಾಟುವ ಸಂಭವ ನೂರಕ್ಕೆ 58, ಮೂರು ಅವಧಿ ದಾಟುವುದು ಐವರಲ್ಲಿ ಒಬ್ಬ. ಸತ್ತರೆ ಹಾಳೆ ಹರಿದು ಮತ್ತೆ ಮೊದಲಿಂದ. ಕೇಳಿದವರು ನಗುತ್ತಾರೆ, ನಾನೂ ನಕ್ಕಿದ್ದೆ. ಯೋಚಿಸಿದರೆ ಅದರಲ್ಲಿ ಜೂಜಿನ ಅಪ್ಪಟ ಪ್ರಾಮಾಣಿಕತೆಯಿದೆ. ಇನ್ನೊಂದು ಅವಧಿ ಇದ್ದರೆ ಇನ್ನೊಂದು ವಿದ್ಯೆ ಸಿಕ್ಕೀತು, ಅಥವಾ ಇಲ್ಲಿಯವರೆಗಿನದ್ದೂ ಹೋದೀತು, ಹೊರಡುತ್ತೀಯೋ, ಇರುತ್ತೀಯೋ? ಬದುಕಿ ಬಂದ ನಲವತ್ತರ ಮುದುಕ ಸ್ಕೌಟಿನ ಹಾಳೆಗೆ ಆಟ ಶುರುವಾಗುವ ಮೊದಲೇ ಒಂದು ತೂಕ ಬಂದಿರುತ್ತದೆ. ಮುಂದಿನ ಆವೃತ್ತಿಗಳು ಸಾವಿನ ಜಾಗದಲ್ಲಿ ಗಾಯ, ಕಡ್ಡಾಯ ನಿವೃತ್ತಿ ತಂದು ಇದನ್ನು ಮೆದುಗೊಳಿಸಿದವು.

1984ರ 'ಪ್ಯಾರನೋಯ' ಸಾವನ್ನು ಪೂರ್ತಿ ನಗೆಗೆ ತಿರುಗಿಸಿತು. ಹುಚ್ಚು ಕಂಪ್ಯೂಟರೊಂದು ಆಳುವ ನೆಲದಡಿಯ ನಗರದಲ್ಲಿ ಪ್ರತಿಯೊಬ್ಬನಿಗೂ ಒಂದೇ ಅಚ್ಚಿನ ಆರು ದೇಹ. ಒಂದು ಸತ್ತರೆ ಮುಂದಿನದು ಬಂದು ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಜಗಳ ಮುಂದುವರಿಸುತ್ತದೆ. ಅದಕ್ಕೂ ಮೊದಲು, 1981ರಲ್ಲಿ ಸ್ಯಾಂಡಿ ಪೀಟರ್ಸನ್ ಬರೆದ 'ಕಾಲ್ ಆಫ್ ಕ್ಥುಲ್ಹು' ಮೈಯ ಪಕ್ಕದಲ್ಲಿ ಮನಸ್ಸಿಗೂ ಒಂದು ಅಂಕಿ ಇಟ್ಟಿತು. ನೋಡಬಾರದ್ದನ್ನು ನೋಡಿದಾಗೆಲ್ಲ ಅದು ಇಳಿಯುತ್ತದೆ. ಸೊನ್ನೆಯಾದ ದಿನ ಪಾತ್ರ ಉಸಿರಾಡುತ್ತಲೇ ಇರುತ್ತದೆ, ಆದರೆ ಹಾಳೆಯನ್ನು ಆಟ ನಡೆಸುವವನಿಗೆ ಒಪ್ಪಿಸಬೇಕು. ಸಾವಿಗಿಂತ ಇದು ಘೋರ ಎಂದು ನನಗನ್ನಿಸಿದೆ.

ಗ್ರೆಗ್ ಸ್ಟಾಫರ್ಡ್ ಅವರ 'ಪೆಂಡ್ರಾಗನ್' 1985ರದ್ದು, ಆರ್ಥರ್ ರಾಜನ ಕಾಲದ ಆಟ. ಒಂದು ಸಾಹಸಕ್ಕೆ ಒಂದು ವರ್ಷ. ಚಳಿಗಾಲದಲ್ಲಿ ಮನೆಗೆ ಬಂದು ಹೊಲದ ಫಸಲು, ಕುದುರೆ, ಮದುವೆ, ಮಕ್ಕಳ ಲೆಕ್ಕಕ್ಕೆ ದಾಳ ಹಾಕಬೇಕು. ವೀರ ಸತ್ತರೆ ಮಗ ದೊಡ್ಡವನಾಗಿ ಅಪ್ಪನ ಕತ್ತಿ ಹಿಡಿದು ಬರುತ್ತಾನೆ, ಅವನನ್ನು ಆಡಿಸುವವನು ಹಳೆಯ ಆಟಗಾರನೇ. ಮದುವೆಯಾಗದೆ ಸಾಯುವುದೇ ಇಲ್ಲಿ ನಿಜವಾದ ನಷ್ಟ. ನಮ್ಮ ಅಜ್ಜಿಯರಿಗೆ ವಿವರಿಸುವುದು ಸುಲಭವಾದ ಏಕೈಕ ಆಟ ಬಹುಶಃ ಇದೇ.

ಇತ್ತೀಚಿನವರು ಬಿದ್ದವನ ಕೈಗೆ ಆಯ್ಕೆಯನ್ನೇ ಕೊಡುತ್ತಿದ್ದಾರೆ. 2012ರ 'ಡಂಜನ್ ವರ್ಲ್ಡ್'ನಲ್ಲಿ ಕೊನೆಯುಸಿರಿಗೆ ಎರಡು ದಾಳ. 10 ಅಥವಾ ಮೇಲೆ ಬಿದ್ದರೆ ಯಮನಿಗೆ ಟೋಪಿ ಹಾಕಿದ ಹಾಗೆ, 6 ಅಥವಾ ಕೆಳಗೆ ಬಿದ್ದರೆ ಮುಗಿಯಿತು. ನಡುವೆ 7ರಿಂದ 9 ಬಿದ್ದರೆ ಸಾವು ಎದುರು ನಿಂತು ಒಂದು ಕರಾರು ಮುಂದಿಡುತ್ತದೆ: ಇಂಥದ್ದು ಕೊಡು, ಬಿಡುತ್ತೇನೆ. 2025ರ 'ಡ್ಯಾಗರ್‌ಹಾರ್ಟ್' ಇನ್ನೂ ಮುಂದೆ ಹೋಗಿ ಮೂರು ಬಾಗಿಲು ತೆರೆದಿದೆ. ಒಂದು, ತಪ್ಪದೆ ಫಲಿಸುವ ಒಂದು ಕೊನೆಯ ಸಾಹಸ ಮಾಡಿ ಸಾಯುವುದು. ಇನ್ನೊಂದು, ಸಾವನ್ನು ತಪ್ಪಿಸಿಕೊಂಡು ಪ್ರಜ್ಞೆ ತಪ್ಪಿ ಬೀಳುವುದು, ದಾಳ ಕೈಕೊಟ್ಟರೆ ಜೀವನವಿಡೀ ಉಳಿಯುವ ಗಾಯ. ಮೂರನೆಯದು ಎಲ್ಲವನ್ನೂ ಪಣಕ್ಕಿಟ್ಟು ದಾಳ ಹಾಕುವುದು. ಹಡಗಿನ ಲೆಕ್ಕದಿಂದ ಹೊರಟ ನಿಯಮ ಇಲ್ಲಿಗೆ ಬಂದು ಮುಟ್ಟಿದ್ದು ಸಣ್ಣ ದೂರವಲ್ಲ. ಆದರೂ ಒಂದು ಅಳುಕು. ತಾನಾಗಿ ಒಪ್ಪಿದರೆ ಮಾತ್ರ ಬರುವ ಸಾವಿಗೆ ಯಾರು ಹೆದರುತ್ತಾರೆ? ಉಪ್ಪಿನಕಾಯಿ ಜಾಡಿಗೆ ತಗುಲಿ ನಿಂತ ಆ ಒಂದರ ದಿಗಿಲು ಆಯ್ಕೆಯಿಂದ ಬರುವಂಥದ್ದಲ್ಲ.

ಇವೆಲ್ಲವನ್ನೂ ತಲೆಕೆಳಗು ಮಾಡಿದ್ದು ಸ್ಟೀಫನ್ ಡ್ಯೂಯಿ ಅವರ 'ಟೆನ್ ಕ್ಯಾಂಡಲ್ಸ್', 2015ರದ್ದು. ಅಲ್ಲಿ ಎಲ್ಲ ಪಾತ್ರಗಳೂ ಸಾಯುತ್ತವೆ, ಅದು ಮೊದಲೇ ಗೊತ್ತು; ಕರ್ಣನ ಹಾಗೆ. ಕೋಣೆಯ ದೀಪ ಆರಿಸಿ ಮೇಜಿನ ಮೇಲೆ ಹತ್ತು ಪುಟ್ಟ ಮೇಣದಬತ್ತಿ ಹಚ್ಚುತ್ತಾರೆ. ಒಂದೊಂದು ದೃಶ್ಯ ಮುಗಿದಂತೆ ಒಂದೊಂದು ಆರುತ್ತದೆ. ಶುರುವಿನಲ್ಲೇ ಪ್ರತಿಯೊಬ್ಬರೂ ತಮ್ಮ ಪಾತ್ರದ ದನಿಯಲ್ಲಿ ಕೊನೆಯ ಸಂದೇಶವೊಂದನ್ನು ರೆಕಾರ್ಡ್ ಮಾಡಿರುತ್ತಾರೆ. ಹತ್ತನೆಯದೂ ಆರಿ, ಎಲ್ಲರೂ ಸತ್ತು, ಕತ್ತಲಲ್ಲಿ ಕೂತಾಗ ಆ ದನಿಗಳನ್ನು ಹಾಕುತ್ತಾರೆ. ಆಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಪುಸ್ತಕದಲ್ಲಿಲ್ಲದ ಒಂದು ನಿಯಮವೂ ಇದೆ, ಅದರ ಮಾತಾಡದೆ ಇದು ಮುಗಿಯದು. ಡಿಎಂ ಮುಂದೆ ಸಾಮಾನ್ಯವಾಗಿ ಒಂದು ರಟ್ಟಿನ ಮರೆ ಇರುತ್ತದೆ. ಅದರ ಹಿಂದೆ ಅವನು ಹಾಕಿದ ದಾಳ ಅವನಿಗೆ ಮಾತ್ರ ಕಾಣುತ್ತದೆ. ರಾಕ್ಷಸನ ಏಟಿಗೆ ಹುಡುಗಿಯ ಪಾತ್ರ ಸಾಯುವಂತಿದ್ದರೆ ಮನಸ್ಸು ಕರಗಿ ಅವನು 19ನ್ನು 9 ಅಂದುಬಿಡಬಹುದು. ಇದು ದಯೆಯೋ ಮೋಸವೋ ಎಂಬ ಜಗಳ ಈ ಆಟದಷ್ಟೇ ಹಳೆಯದು. ನನ್ನ ಮತ ಮೋಸದ ಕಡೆಗೆ. 2016ರ 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ಮೊದಲ ಕಂತಿನಲ್ಲಿ ನಾಲ್ವರು ಹುಡುಗರು ಇದೇ ಆಟ ಆಡುತ್ತಿರುತ್ತಾರೆ. ಅವರಲ್ಲಿ ವಿಲ್ ಎಂಬವನಿಗೆ 13 ಅಥವಾ ಮೇಲೆ ಬೀಳಬೇಕು. ದಾಳ ಮೇಜಿನಿಂದ ಉರುಳಿ ಕೆಳಗೆ ಎಲ್ಲೋ ಹೋಗುತ್ತದೆ, ಅಷ್ಟರಲ್ಲಿ ಆಟ ನಿಲ್ಲುತ್ತದೆ, ಆಟ ನಡೆಸುತ್ತಿದ್ದ ಮೈಕ್ ನೋಡಿರುವುದಿಲ್ಲ. ಮನೆಗೆ ಹೊರಡುವಾಗ ವಿಲ್ ತಾನಾಗಿ ನಿಂತು, ಬಿದ್ದದ್ದು 7 ಎಂದು ಹೇಳಿ ಹೋಗುತ್ತಾನೆ. ಆ ಹುಡುಗ ಎಂಥವನೆಂದು ತಿಳಿಯಲು ಬೇರೆ ದೃಶ್ಯ ಬೇಕಿಲ್ಲ.

ಹೊಸದಾಗಿ ಈ ಆಟ ನಡೆಸಲು ಹೊರಟವರಲ್ಲಿ ಒಂದು ಕೋರಿಕೆ. ಮೊದಲ ದಾಳ ಉರುಳುವ ಮುಂಚೆ, ಪಾತ್ರಕ್ಕೆ ಹೆಸರು ಇಡುವ ಮುಂಚೆಯೇ, ನಿಮ್ಮ ಮೇಜಿನ ಮೇಲೆ ಸಾವು ಯಾವ ಬಗೆಯದ್ದೆಂದು ಹೇಳಿಬಿಡಿ. ಸಮಾಧಿಯ ಹಸಿರು ಮುಖವೋ, ವಜ್ರದ ಅಂಗಡಿಯೋ, ಆರಿಹೋಗುವ ಬತ್ತಿಯೋ. ಹೇಳಿದ್ದರೆ ಜನ ಅದಕ್ಕೆ ತಕ್ಕ ಪಾತ್ರ ತರುತ್ತಾರೆ. ಹೇಳದೆ ಕೊಂದರೆ ಜಗಳ ಪಾತ್ರಗಳ ನಡುವೆ ಉಳಿಯುವುದಿಲ್ಲ. ಸತ್ತವನಿಗೆ ಆ ಸಂಜೆ ಏನಾದರೂ ಕೆಲಸವನ್ನೂ ಕೊಡಿ. ಮೂರು ಗಂಟೆ ಸುಮ್ಮನೆ ಕೂರಿಸುವುದಕ್ಕಿಂತ ರಾಕ್ಷಸರನ್ನು ಆಡಿಸುವುದಾದರೂ ವಾಸಿ.

ಅಕ್ಕನ ಮನೆಯಲ್ಲಿ ಅಂದು ಆದದ್ದು ಇಷ್ಟು. ಹಾಳೆ ತಿರುಗಿಸುತ್ತಿದ್ದ ಹುಡುಗಿಯೇ ಗುಂಪಿನ ಕ್ಲೆರಿಕ್. ಒಂದು ನಿಮಿಷದೊಳಗೆ ಎಬ್ಬಿಸುವ ಮಂತ್ರ ಅವಳಿಗೆ ಬರುತ್ತಿತ್ತು. ಡಿಎಂ ಮರೆಯ ಮೇಲಿಂದ ಕತ್ತೆತ್ತಿ, "ವಜ್ರ ಇದ್ಯಾ?" ಅಂದ. "ಹಿಂದಿನ ಊರಲ್ಲಿ ಮಾರಿದ್ವಲ್ಲ" ಅಂದಳು, "ಕುದುರೆ ತಗೊಳ್ಳೋಕೆ." ಮಾರೋಣ ಅಂದವನು ಯಾರೆಂದು ಎಲ್ಲರಿಗೂ ನೆನಪಿತ್ತು, ಸತ್ತವನಿಗೂ. ಅಷ್ಟರಲ್ಲಿ ಅವಲಕ್ಕಿ ಬಂತು.

ಈ ಭಾನುವಾರ ಅವನು ಹೊಸ ಹಾಳೆ ತಂದಿದ್ದ. ಸತ್ತ ಮಾಂತ್ರಿಕನ ತಂಗಿ, ಅಣ್ಣನ ಮಂತ್ರದ ಪುಸ್ತಕ ಹುಡುಕಿಕೊಂಡು ಬಂದವಳು. ಸಾಮಾನಿನ ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ವಜ್ರ, ಬೆಲೆ 300 ಎಂದು ಬರೆದಿದ್ದಾನೆ. ಡಿಎಂ ಇನ್ನೂ ಒಪ್ಪಿಲ್ಲ.